ಟ್ಯಾಂಕಿನ ನೀರಿನಲ್ಲಿ ಏನಿದೆ?

ವರದಿಯಲ್ಲಿ ಕಣ್ಣು ಕುಕ್ಕುವಂಥದ್ದೇನೂ ಇರಲಿಲ್ಲ. ಬಡಾವಣೆಯ ಟ್ಯಾಂಕಿನ ನೀರನ್ನು ಪ್ರಯೋಗಾಲಯದವರು ಪರೀಕ್ಷಿಸಿದ್ದರು, ನೀರು ಚೆನ್ನಾಗಿತ್ತು. ಅದೇ ಬಡಾವಣೆಯಲ್ಲಿದ್ದ ಉಪಸಂಪಾದಕಿ 'ಟ್ಯಾಂಕಿನ ನೀರು ಶುದ್ಧ' ಎಂದು ತಲೆಬರಹ ಕೊಟ್ಟಳು.

"ಇದನ್ನ ಯಾರಮ್ಮ ಓದ್ತಾರೆ? ಜೀವಾನೇ ಇಲ್ಲ," ಎಂದು ಸುದ್ದಿ ಸಂಪಾದಕ ಮುಖ ಸಿಂಡರಿಸಿದ.

ಅವಳು ಅಳಿಸಿ ಬರೆದಳು: 'ಟ್ಯಾಂಕಿನ ನೀರಿನಲ್ಲಿ ಏನಿದೆ?'

"ಇದು ನೋಡು ಹೆಡ್ಡಿಂಗು!" ಎಂದವನೇ ಅದನ್ನು ಮುಖಪುಟಕ್ಕೆ ಎತ್ತಿದ. ಅವಳಿಗೂ ಒಳಗೊಳಗೇ ಖುಷಿ. ಸುಳ್ಳೇನೂ ಬರೆದಿಲ್ಲವಲ್ಲ, ಬರೀ ಕೇಳಿದ್ದು.

ಮರುದಿನ ಬೆಳಿಗ್ಗೆ ಅತ್ತೆ ನಲ್ಲಿಯ ನೀರು ಹಿಡಿದು, ಲೋಟವನ್ನು ಕಿಟಕಿಯ ಬೆಳಕಿಗೆ ಒಡ್ಡಿ ನಿಂತಿದ್ದರು.

"ಇದನ್ನ ಕುಡಿಯೋದೋ, ಬಿಡೋದೋ?"

"ಹೆಡ್ಡಿಂಗಿನ ಕೆಳಗೆ ಓದಿ ಅತ್ತೆ. ಏನೂ ಇಲ್ಲ ಅಂತ ಬರೆದಿದೆ."

"ಏನೂ ಇಲ್ಲದಿದ್ರೆ ಏನಿದೆ ಅಂತ ಯಾಕಮ್ಮ ಕೇಳ್ತಾರೆ?"

ಅದು ತನ್ನದೇ ಬರಹ ಎನ್ನದೆ ಸೊಸೆ ಆಫೀಸಿನ ಚೀಲ ಹೆಗಲಿಗೇರಿಸಿದಳು.

ಅಷ್ಟರಲ್ಲಿ ಬೀದಿ ತುಂಬ ಗುಸುಗುಸು. ಪಕ್ಕದ ಮನೆಯಾಕೆಗೆ ನೀರು ಜಿಡ್ಡಾಗಿ ಕಂಡಿತು, ಎದುರುಮನೆಯಾತನಿಗೆ ವಾಸನೆ ಬಡಿಯಿತು. ಟ್ಯಾಂಕ್ ಕಾಯುವವನು ಕೈಯಲ್ಲಿ ಏನೋ ಹಿಡಿದು ಏಣಿ ಹತ್ತಿದ್ದನ್ನು ಯಾರೋ ಕಂಡಿದ್ದರಂತೆ. ಆಫೀಸಿಗೆ ಹೊರಟ ಅವಳು ಟ್ಯಾಂಕಿನ ಬಳಿ ಬಂದಾಗ ಗುಂಪು ಅವನ ಕೊರಳಪಟ್ಟಿ ಹಿಡಿದಿತ್ತು.

"ಏನು ಬೆರೆಸಿದೆ, ಬೊಗಳು!"

"ನನ್ನ ಮಕ್ಕಳೂ ಇದೇ ನೀರು ಕುಡಿಯೋದು ಸ್ವಾಮಿ," ಎಂದು ಅವನು ಗೋಗರೆಯುತ್ತಿದ್ದ.

ಅವಳು ಗುಂಪಿನೊಳಗೆ ನುಗ್ಗಿದಳು. "ಬಿಡ್ರೀ ಅವರನ್ನ! ಆ ಹೆಡ್ಡಿಂಗ್ ಬರೆದವಳು ನಾನೇ. ನೀರು ಚೆನ್ನಾಗಿದೆ!"

ಗುಂಪು ಅವನನ್ನು ಬಿಟ್ಟು ಇವಳತ್ತ ತಿರುಗಿತು.

"ಬೆಳಿಗ್ಗೆ ಒಂದು, ಈಗ ಇನ್ನೊಂದು. ನಿಮ್ಮ ಬಾಯಿ ಮುಚ್ಚಿಸಿದ್ದು ಯಾರು?" ಎಂದ ಎದುರುಮನೆಯಾತ.

ಆಫೀಸಿನಲ್ಲಿ ಸಂಪಾದಕ ಹಿಗ್ಗಿ ಹೀರೇಕಾಯಿಯಾಗಿದ್ದ. "ಪೇಪರ್ ಒಂದೂ ಉಳಿದಿಲ್ಲ! ನಾಳೆಗೂ ಇದನ್ನೇ ಎಳಿ."

ಅವಳು ಜಗಳವಾಡಿ, 'ಹೆದರದೆ ನೀರು ಕುಡಿಯಿರಿ' ಎಂದು ಹಾಕಿಸಿದಳು. ಅದು ಒಳಪುಟದ ಮೂಲೆ ಸೇರಿತು. ಓದಿದ ನಾಲ್ಕಾರು ಮಂದಿಗೂ, ಇಷ್ಟು ಒತ್ತಿ ಹೇಳುತ್ತಿದ್ದಾರೆಂದರೆ ಏನೋ ಇದೆ ಅನ್ನಿಸಿತು. ಟ್ಯಾಂಕ್ ಕಾಯುವವನು ಕೈಕಾಲು ಹಿಡಿದು ಬೇರೆ ಕಡೆಗೆ ವರ್ಗ ಮಾಡಿಸಿಕೊಂಡು ಹೋದ. ಅದನ್ನು ಕೇಳಿದ ಜನ, "ನೋಡಿದ್ರಾ, ಓಡಿಹೋದ!" ಎಂದರು.

ಮನೆಗೆ ಕ್ಯಾನ್ ನೀರು ಬಂತು. ಅವಳೊಬ್ಬಳು ಮಾತ್ರ ಹಟಕ್ಕೆ ಬಿದ್ದು, ಅತ್ತೆಯ ಎದುರಿಗೇ ನಲ್ಲಿಯ ನೀರು ಗಟಗಟ ಕುಡಿದಳು. ಅತ್ತೆ ಸಂಜೆವರೆಗೂ ಓರೆಗಣ್ಣಿನಲ್ಲಿ ಅವಳ ಮುಖವನ್ನೇ ನೋಡುತ್ತಿದ್ದರು. ಹೊಟ್ಟೆಯಲ್ಲಿ ಏನೋ ಗುಡುಗುಡು ಎಂದಂತಾಗಿ, ಅವಳೂ ಮೆಲ್ಲಗೆ ಕೈಯಿಟ್ಟು ನೋಡಿಕೊಂಡಳು.