ಯಶೋಧರಾ ಕೊಟ್ಟ ಮಾತು

ಕುಂಕುಮದ ಬಟ್ಟಲು ಹಿಡಿದು, ಪೆಟ್ಟಿಗೆಯ ಗಾಜು ಸರಿಸಿ ಅಮ್ಮನ ಹಣೆಯತ್ತ ಬಗ್ಗಿದ ಸೋದರತ್ತೆಯ ಕೈಯನ್ನು ಶರಣ್ಯಾ ಹಿಡಿದು ನಿಲ್ಲಿಸಿದಳು.

"ಬ್ಯಾಡ ಅತ್ತೆ. ಅಮ್ಮ ಇವೆಲ್ಲ ಬ್ಯಾಡ ಅಂತಿದ್ರು. ಬಿಳಿ ಸೀರೆ ಉಡಿಸಿದ್ದೀವಿ, ಸಾಕು."

"ಮುತ್ತೈದೆ ಸಾವು ಕಣಮ್ಮಿ. ಬರೀ ಹಣೇಲಿ ಕಳಿಸಿಬುಟ್ರೆ ಊರೋರು ಏನಂದಾರು?"

ಗೋಡೆಗೆ ಒರಗಿ ಕೂತಿದ್ದ ಅಪ್ಪ ರಂಗರಾಜು ತಲೆ ಎತ್ತಲಿಲ್ಲ. "ಅವಳು ಹೆಂಗಿದ್ಲೋ ಅಂಗೇ ಹೋಗ್ಲಿ ಬುಡಕ್ಕ," ಎಂದ.

ಬರಗೂರಿನಿಂದ ಒಳಕ್ಕೆ ಹೋಗುವ ಮಣ್ಣುರಸ್ತೆಯ ಕೊನೆಯ ಮನೆ ಅದು. ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಬುದ್ಧನ ಪಟದ ಮುಂದಿನ ಮೇಣದಬತ್ತಿಗಳು ಗಾಳಿಗೆ ಆರುತ್ತಿದ್ದವು. ಹತ್ತಿರ ಕೂತವರು ಮತ್ತೆ ಹೊತ್ತಿಸುತ್ತಿದ್ದರು. ಯಶೋಧರಾ ಸುತ್ತಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ನಿನ್ನೆ ಬೆಳಿಗ್ಗೆ ನಲ್ಲಿಯ ಬಳಿ ಎದೆ ಹಿಡಿದುಕೊಂಡು ಕೂತವಳು, ಆಟೋ ಶಿರಾ ಮುಟ್ಟುವ ಮೊದಲೇ ಗಂಡನ ತೊಡೆಯ ಮೇಲೆ ಹೋಗಿಬಿಟ್ಟಿದ್ದಳು. ಮಧುಗಿರಿಯಲ್ಲಿ ಟೀಚರ್ ಆಗಿರುವ ಮಗಳು ಶರಣ್ಯಾ ಬರುವಷ್ಟರಲ್ಲಿ ಐಸ್ ಪೆಟ್ಟಿಗೆ ಬಂದಿತ್ತು.

ಹೊರಗೆ ಬೇವಿನ ಮರದಡಿ ಗಂಡಸರು ಕೂತಿದ್ದರು. ಕೊರಟಗೆರೆ ಕಡೆಯಿಂದ ಬಂದಿದ್ದ ದೂರದ ನೆಂಟನೊಬ್ಬ ದನಿ ತಗ್ಗಿಸಿ ಕೇಳಿದ: "ಈ ಯಮ್ಮ ಜೈಲ್ಗೂ ಹೋಗಿದ್ರಂತಲ್ಲ?"

"ತಪ್ಪು ಮಾಡಿ ಅಲ್ಲ ಕಣ್ಲಾ. ನೋಡಕ್ಕೆ ಹೋಗ್ತಿದ್ರು. ಒಳಗಿರೋರಿಗೆ ಊಟ ಸರಿಯಾಗಿ ಹಾಕ್ತಾರಾ, ಹೊಡೀತಾರಾ ಅಂತ ಹೊರಗಿನೋರು ಹೋಗಿ ನೋಡ್ಬೇಕು ಅಂತ ರೂಲ್ಸ್ ಐತೆ. ಗೌರ್ಮೆಂಟೇ ನೇಮಿಸಿತ್ತು. ಈ ಯಮ್ಮನ್ನ, ಜಗದಾಂಬ ಮೇಡಮ್ಮನ್ನ."

"ಮತ್ತೆ ಬುಟ್ಟುಬುಟ್ರಂತೆ?"

"ತೆಗೆದಾಕಿದ್ರು," ಎಂದ ಊರಿನವನು. ಅಷ್ಟರಲ್ಲಿ ರಸ್ತೆಯಲ್ಲಿ ಆಟೋ ನಿಂತಿದ್ದು ಕಂಡು ಎದ್ದು ನಿಂತ.

ಇಳಿದದ್ದು ಜಗದಾಂಬಳೇ. ಹೈಸ್ಕೂಲಿನ ಹೆಡ್ ಮಿಸ್ ಆಗಿದ್ದವಳು. ಅವಳು ಬಂದರೆ ಜನ ಈಗಲೂ ತಾವಾಗಿಯೇ ದಾರಿ ಬಿಡುತ್ತಿದ್ದರು. ನೇರ ಒಳಗೆ ಹೋಗಿ ಪೆಟ್ಟಿಗೆಯ ಗಾಜಿನ ಮೇಲೆ ಹಣೆ ಇಟ್ಟಳು. "ಯಶೂ, ನನಗೊಂದು ಮಾತು ಹೇಳದೆ ಹೋದೆಯಲ್ಲೇ," ಎಂದು ಅತ್ತಳು. ಆ ಅಳು ಸುಳ್ಳಾಗಿರಲಿಲ್ಲ. ಹೆಂಗಸರೂ ಅವಳೊಡನೆ ಇನ್ನೊಮ್ಮೆ ಅತ್ತರು.

ರಂಗರಾಜು ಎದ್ದು ಹಿತ್ತಲಿಗೆ ಹೋದ.

*

ಜೈಲಿಗೆ ಹೋದಾಗ ಯಶೋಧರಾ ಮೊದಲು ನೋಡುತ್ತಿದ್ದುದು ಅಡುಗೆಮನೆ. ಸಾರನ್ನು ಅಂಗೈಗೆ ಹಾಕಿಸಿಕೊಂಡು ಕುಡಿಯುತ್ತಿದ್ದಳು. ಆಮೇಲೆ ನೀರಿನ ತೊಟ್ಟಿ, ಕಕ್ಕಸು, ಕೈದಿಗಳು ಮಲಗುವ ಕೋಣೆಗಳು. ಕೈದಿಗಳ ಬೆರಳ ಸಂದು ಬಿಡಿಸಿ ಕಜ್ಜಿ ನೋಡುತ್ತಿದ್ದಳು. ಜಗದಾಂಬ ಆ ಹೊತ್ತಿಗೆ ಆಫೀಸಿನಲ್ಲಿ ಜೈಲಿನ ಸಾಹೇಬರ ಎದುರು ಕೂತು, ನಗುನಗುತ್ತಲೇ ಒಂದು ಫ್ಯಾನು, ಒಂದಷ್ಟು ಕಂಬಳಿ ಮಂಜೂರು ಮಾಡಿಸುತ್ತಿದ್ದಳು. "ನೀನು ಜಗಳ ಆಡು, ನಾನು ರಾಜಿ ಮಾಡ್ತೀನಿ. ಇಬ್ಬರೂ ಸೇರಿದ್ರೆ ಕೆಲಸ ಆಗುತ್ತೆ," ಎನ್ನುತ್ತಿದ್ದಳು. ಆಗುತ್ತಲೂ ಇತ್ತು.

ಗಂಗಹನುಮಯ್ಯ ಎಂಬ ವಯಸ್ಸಾದ ಕೈದಿಗೆ ಫಿಟ್ಸ್ ಬರುತ್ತಿತ್ತು. ಅವನ ಮಾತ್ರೆ ಒಂದು ದಿನವೂ ತಪ್ಪಬಾರದೆಂದು ಯಶೋಧರಾ ಹೋದಾಗಲೆಲ್ಲ ಹೇಳಿ ಬರುತ್ತಿದ್ದಳು. ಒಂದು ಸಲ ಹೋದಾಗ ಅವನ ಜಾಗ ಖಾಲಿಯಿತ್ತು. ಆಸ್ಪತ್ರೆಗೆ ಸಾಗಿಸುವಾಗ ದಾರಿಯಲ್ಲಿ ತೀರಿಕೊಂಡ ಎಂದರು ಸಾಹೇಬರು.

ಅವತ್ತು ಅವಳು ಮುತ್ತುರಾಜ್ ಎಂಬ ಹುಡುಗನ ಕೈ ನೋಡುತ್ತಿದ್ದಳು. ಪಾವಗಡದ ರಾಯಚರ್ಲುವಿನವನು, ಕೇಸು ಇನ್ನೂ ನಡೆಯುತ್ತಿತ್ತು. ಕಾವಲಿನವನು ಬಾಗಿಲಾಚೆ ತಿರುಗಿದ್ದೇ ತಡ, ಹುಡುಗ ತಲೆ ತಗ್ಗಿಸಿಕೊಂಡೇ ಹೇಳಿದ:

"ಸುಳ್ಳಮ್ಮ ಅದು. ಮಾತ್ರೆ ನಿಲ್ಸಿ ಬಾಳ ದಿನ ಆಗಿತ್ತು. ತಾತ ಬಿದ್ದು ಒದ್ದಾಡ್ತಿದ್ದ. ತಟ್ಟೆ ಬಡಿದ್ವಿ, ಕೂಗಿದ್ವಿ. ಬೀಗ ತೆಗೀಲಿಲ್ಲ. ತೆಗೆಯೋ ಹೊತ್ಗೆ ತಣ್ಣಗಾಗಿದ್ದ, ನನ್ ತೊಡೆ ಮೇಲೆ." ಆಮೇಲೆ ಅವಳ ಮುಖ ನೋಡಿದ. "ನನ್ ಹೆಸ್ರು ಎಲ್ಲೂ ಬರ್ಬಾರ್ದು ಕಣಮ್ಮ. ಬಂದ್ರೆ ನನ್ನ ಬುಡಲ್ಲ ಅವ್ರು."

"ಬರಲ್ಲ ಕಣಪ್ಪ. ನಾನು ಮಾತು ಕೊಡ್ತೀನಿ," ಎಂದಳು ಯಶೋಧರಾ.

ವರದಿಗೆ ಇಬ್ಬರ ಸಹಿಯೂ ಇದ್ದರೆ ಮೇಲಿನವರು ತಳ್ಳಿಹಾಕುವಂತಿಲ್ಲ ಎಂಬುದು ಅವಳ ಲೆಕ್ಕ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಜಗದಾಂಬಳಿಗೆ ನಡೆದದ್ದನ್ನೆಲ್ಲ ಹೇಳಿದಳು, ಹೆಸರೊಂದನ್ನು ಬಿಟ್ಟು.

"ಯಾರೋ ಹೇಳಿದ್ರು ಅಂದ್ರೆ ನಾನು ಹೇಗೆ ಸೈನ್ ಹಾಕ್ಲಿ ಯಶೂ? ಸಾವಿನ ವಿಷಯ ಇದು," ಎಂದಳು ಜಗದಾಂಬ. ಹತ್ತಿರ ಸರಿದು, "ನನಗೂ ಹೇಳಲ್ವಾ?" ಎಂದಳು.

ಶರಣ್ಯಾ ಹುಟ್ಟಿದಾಗ ಬಾಣಂತಿಯ ಪಕ್ಕ ಮಲಗಿ ನೋಡಿಕೊಂಡವಳು ಜಗದಾಂಬ. ಯಶೋಧರಾ ಹೆಸರು ಹೇಳಿದಳು.

*

ಮುಂದಿನ ಭೇಟಿಯ ಹೊತ್ತಿಗೆ ಮುತ್ತುರಾಜ್ ಅಲ್ಲಿರಲಿಲ್ಲ. ದೂರದ ಜೈಲಿಗೆ ಹಾಕಿದ್ದಾರೆ ಎಂದರು. ಕಿವಿಯಿಂದ ರಕ್ತ ಸುರಿಯುತ್ತಿತ್ತು ಎಂದು ಅಡುಗೆಮನೆಯಲ್ಲಿದ್ದ ಕೈದಿಯೊಬ್ಬ ಪಿಸುಗುಟ್ಟಿದ. ಎಲ್ಲ ಸರಿಯಾಗಿದೆ ಎಂಬ ವರದಿಗೆ ಜಗದಾಂಬ ಆಗಲೇ ಸಹಿ ಹಾಕಿ ಕೊಟ್ಟಿದ್ದಳು.

ವಾಪಸು ಬರುವ ಬಸ್ಸು ಗೊರವನಹಳ್ಳಿಯ ದರ್ಶನ ಮುಗಿಸಿ ಬಂದ ಹೆಂಗಸರಿಂದ ತುಂಬಿತ್ತು. ಹೂವಿನ ವಾಸನೆ, ಮಕ್ಕಳ ಗಲಾಟೆ. ಯಶೋಧರಾ ಕೇಳುವ ಮೊದಲೇ ಜಗದಾಂಬ ಹೇಳಿದಳು.

"ಯಾರು ಹೇಳಿದ್ದು ಅಂತ ಸಾಹೇಬರು ಬಿಡದೆ ಕೇಳಿದ್ರು ಕಣೆ, ಹೆಸರು ಹೇಳಿದೆ. ಒಳಗೇ ಸರಿ ಮಾಡ್ಕೋತೀವಿ, ಅವನನ್ನ ಏನೂ ಮಾಡಲ್ಲ ಅಂತ ಮಾತು ಕೊಟ್ರು. ದೊಡ್ಡದು ಮಾಡಿದ್ರೆ ನಮ್ಮನ್ನೇ ಒಳಗೆ ಬಿಡಲ್ಲ. ಆಮೇಲೆ ಆ ಕೈದಿಗಳಿಗೆ ಯಾರಿದಾರೆ ಹೇಳು?"

ಯಶೋಧರಾ ಎದ್ದಳು. ಹಿಂದೆ ಎಲ್ಲೂ ಸೀಟಿರಲಿಲ್ಲ. ಕಂಬಿ ಹಿಡಿದು ನಿಂತುಕೊಂಡೇ ಶಿರಾಕ್ಕೆ ಬಂದಳು.

ಅವಳು ಒಬ್ಬಳೇ ದೂರು ಬರೆದಳು. ವಿಚಾರಣೆಗೆ ಬಂದವರು ಜಗದಾಂಬಳ ವರದಿಯನ್ನು ಮುಂದಿಟ್ಟು, ನಿಮ್ಮ ಜೊತೆಯವರೇ ಹೀಗೆ ಹೇಳಿದ್ದಾರಲ್ಲ ಎಂದು ಕೇಳಿದರು. ಹೊಸ ನೇಮಕಾತಿಯಲ್ಲಿ ಯಶೋಧರಾಳ ಹೆಸರಿರಲಿಲ್ಲ. ಜಗದಾಂಬಳದು ಇತ್ತು.

*

ಹಿತ್ತಲಿನಿಂದ ರಂಗರಾಜು ಒಳಗೆ ಬರುವಷ್ಟರಲ್ಲಿ ಚಟ್ಟ ಸಿದ್ಧವಾಗಿತ್ತು. ಬುದ್ಧನಿಗೆ ಶರಣೆನ್ನುವ ತ್ರಿಸರಣ ಹೇಳಿ ಮುಗಿಸಿದರು. ಹೊಲದ ಬದಿಯಲ್ಲಿ, ರಂಗರಾಜುವಿನ ಅಪ್ಪನ ಸಮಾಧಿಯ ಪಕ್ಕದಲ್ಲೇ ಮಣ್ಣು ತೆಗೆಸಿದ್ದರು. ಹೊರುವವರು ಬಗ್ಗಿದಾಗ ಶಾಮಿಯಾನದ ಬಾಯಲ್ಲಿ ಒಬ್ಬ ಮುದುಕಿ, ಅವಳ ಹಿಂದೆ ತೆಳ್ಳನೆಯ ಒಬ್ಬ ಹುಡುಗ ನಿಂತಿದ್ದರು.

ರಂಗರಾಜುವಿಗೆ ಮುದುಕಿಯ ಗುರುತು ಸಿಕ್ಕಿತು. ಮುತ್ತುರಾಜನ ತಾಯಿ ಪೆದ್ದಮ್ಮ.

"ಜಾಮೀನು ಆಗಿ ಬಂದ ಸಾಮಿ ನನ್ ಕೊಡುಕು," ಎಂದಳು ಪೆದ್ದಮ್ಮ, ತೆಲುಗು ಬೆರೆತ ಮಾತಿನಲ್ಲಿ ಮಗನನ್ನು ತೋರಿಸಿ. "ಆಯಮ್ಮನ್ನ ಒಂದ್ಸಲ ಕಂಡು ಕೇಳ್ಬೇಕು ಅಂತಿದ್ದ. ಫೋನಲ್ಲಿ ಫೋಟೋ ಬಂತು, ಹೋಗಿಬುಟ್ರು ಅಂತ. ಬಸ್ಸು ಹತ್ತಿ ಬಂದ್ಬುಟ್ವಿ."

ಮುತ್ತುರಾಜ್ ಯಶೋಧರಾಳ ಮುಖವನ್ನೇ ನೋಡುತ್ತಿದ್ದ. ಮುಂದೆ ಬಾ ಎಂದು ಯಾರೋ ಕರೆದದ್ದು ಅವನಿಗೆ ಕೇಳಿಸಲಿಲ್ಲ; ಮುಟ್ಟಿದಾಗ ತಿರುಗಿ, ಬಲಗಿವಿಯನ್ನು ಅತ್ತ ಕೊಟ್ಟ.

"ನಾನು ಹೂವ ಹಾಕಕ್ಕೆ ಬಂದಿಲ್ಲ," ಎಂದ. "ನನ್ ಹೆಸ್ರು ಬರಲ್ಲ ಅಂತ ಮಾತು ಕೊಟ್ಟಿದ್ರು ಈಯಮ್ಮ. ನನ್ನ ಎಳ್ಕಂಡು ಹೋಗಿ ಹೊಡೆದಾಗ ಸಾಹೇಬರು ಅಂದ್ರು, ನಿಮ್ಮ ನರ್ಸಮ್ಮನೇ ಹೇಳಿದ್ದು ಕಣೋ ಅಂತ. ಯಾಕಮ್ಮ ಅಂತ ಒಂದೇ ಒಂದು ಮಾತು ಕೇಳ್ಬೇಕಿತ್ತು. ಈಗ ಯಾರ್ನ ಕೇಳ್ಲಿ?"

ಶರಣ್ಯಾ ಅಪ್ಪನನ್ನು ನೋಡಿದಳು. "ಅಪ್ಪಾ, ಏನಿದು? ಅಮ್ಮ ಅಂಥ ಕೆಲಸ ಮಾಡಿದ್ರಾ?"

ರಂಗರಾಜುವಿಗೆ ರಾಯಚರ್ಲುವಿನ ಪೆದ್ದಮ್ಮನ ಮನೆಯ ಅಂಗಳ ನೆನಪಾಯಿತು. ದಿಗಂತದವರೆಗೂ ಹಾಸಿದ ಸೋಲಾರ್ ಹಲಗೆಗಳ ಬೆಳಕಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಯಶೋಧರಾ ಈ ಪೆದ್ದಮ್ಮನ ಮುಂದೆ ನೆಲದ ಮೇಲೆ ಕೂತು, "ನಿನ್ ಮಗನ ಹೆಸ್ರು ಹೇಳಿದೋಳು ನಾನೇ ಕಣಮ್ಮ," ಎಂದಿದ್ದಳು. "ಮಾತು ಕೊಟ್ಟಿದ್ರಿ ಕದಮ್ಮಾ," ಎಂದು ಎದೆ ಬಡಿದುಕೊಂಡ ಪೆದ್ದಮ್ಮ ಅವಳಿಗೆ ಒಂದು ಲೋಟ ನೀರು ಕೊಡಲಿಲ್ಲ. ಬರುವಾಗ ರಂಗರಾಜು ರೇಗಿದ್ದ: ಜಗದಾಂಬನ ಹೆಸ್ರು ಯಾಕೆ ಹೇಳಲಿಲ್ಲ? ಯಶೋಧರಾ ಕಿಟಕಿಯಾಚೆ ನೋಡುತ್ತ, "ಆ ಹುಡುಗನಿಗೆ ಮಾತು ಕೊಟ್ಟಿದ್ದು ಅವಳಲ್ಲ, ನಾನು. ನೀವೂ ಎಲ್ಲೂ ಹೇಳ್ಬೇಡಿ," ಎಂದಿದ್ದಳು. ಆಮೇಲೆ ಹುಡುಗನ ಜಾಮೀನಿಗೆಂದು ಪಾವಗಡದ ವಕೀಲರ ಮನೆಗೆ ಅಲೆದದ್ದನ್ನೂ ಯಾರಿಗೂ ಹೇಳಿರಲಿಲ್ಲ.

ರಂಗರಾಜು ಜಗದಾಂಬಳ ಕಡೆ ತಿರುಗಿದ. ಅವಳು ಚಟ್ಟದ ತಲೆಯ ಬಳಿ ನಿಂತಿದ್ದಳು.

"ಮೇಡಂ," ಎಂದ, "ಹುಡುಗ ಕೇಳ್ತಾವ್ನೆ. ನೀವು ಏನಾದ್ರೂ ಹೇಳ್ತೀರಾ?"

ಜಗದಾಂಬ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಸುತ್ತಲಿನವರನ್ನೆಲ್ಲ ಒಮ್ಮೆ ನೋಡಿದಳು. ಆಮೇಲೆ ಮುತ್ತುರಾಜನ ತೋಳು ಮುಟ್ಟಿ ಮೆತ್ತಗೆ ಹೇಳಿದಳು:

"ಪಾಪ, ಬೇಕು ಅಂತ ಮಾಡಿರಲ್ಲ ಕಣಪ್ಪ ಅವಳು. ಬಾಯಿ ತಪ್ಪಿ ಬಂದಿರುತ್ತೆ. ಸತ್ತವರ ಮೇಲೆ ಸಿಟ್ಟು ಇಟ್ಕೋಬಾರ್ದು. ಕ್ಷಮಿಸಿಬಿಡು."

ರಂಗರಾಜುವಿನ ಕೈ ಚಟ್ಟದ ಬಿದಿರನ್ನು ಬಿಗಿಯಾಗಿ ಹಿಡಿಯಿತು. "ಬಾಯಿ ತಪ್ಪಿರ್ಲಿಲ್ಲ," ಎಂದ. "ನಂಬಿ ಹೇಳಿದ್ಲು. ಒಬ್ಬರಿಗೇ."

"ಯಾರಿಗೆ?" ಎಂದ ಮುತ್ತುರಾಜ್.

ರಂಗರಾಜು ಸತ್ತವಳ ಮುಖ ನೋಡಿದ. ಬಿದಿರಿಗೆ ಹೆಗಲು ಕೊಡಲು ಬಗ್ಗಿದ. "ಹೊತ್ತಾಯ್ತು, ಎತ್ರಪ್ಪ," ಎಂದು ಹಿರಿಯರೊಬ್ಬರು ಕೂಗಿದರು. ಚಟ್ಟ ಎದ್ದಿತು.

ಹೊಲ ಮುಟ್ಟುವ ಹೊತ್ತಿಗೆ ಜೈಲಿನ ಜೀಪು ಬಂದು ಬದುವಿನ ಪಕ್ಕ ನಿಂತಿತು. ಸಾಹೇಬರು ದೊಡ್ಡ ಹಾರ ತಂದಿದ್ದರು. ಹಾಕಿ, ಕೈಮುಗಿದು, ತಿರುಗಿದಾಗ ಮುತ್ತುರಾಜ್ ಕಣ್ಣಿಗೆ ಬಿದ್ದ.

"ಏನೋ, ಚೆನ್ನಾಗಿದ್ದೀಯಾ?" ಎಂದು ನಕ್ಕರು. "ಊರಲ್ಲೇ ಇರು, ಕೆಟ್ಟೋರ ಸಹವಾಸ ಮಾಡ್ಬೇಡ."

ಮುತ್ತುರಾಜ್ ಕೈ ಕಟ್ಟಿಕೊಂಡ. ಅದು ಅವನಿಗೆ ತಿಳಿಯದೆಯೇ ಆಗಿತ್ತು. ಪೆದ್ದಮ್ಮ ಮಗನ ಮುಂದೆ ಬಂದು ನಿಂತಳು.

ಯಶೋಧರಾಳನ್ನು ಇಳಿಸಿದರು. ಗಂಡ, ಮಗಳು, ನೆಂಟರು ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು. ಜಗದಾಂಬಳೂ ಹಾಕಿದಳು, ಅವಳ ಕೈಯಿಂದ ಮಣ್ಣು ಬೇಗ ಬೀಳಲಿಲ್ಲ. ಮುತ್ತುರಾಜ್ ಮಾತ್ರ ದೂರದಲ್ಲೇ ನಿಂತಿದ್ದ.

ಗುದ್ದಲಿಯವರು ಮಣ್ಣು ಎಳೆಯತೊಡಗಿದಾಗ ಸಾಹೇಬರು ಜೀಪಿನತ್ತ ಹೊರಟರು. ಬಾಗಿಲಲ್ಲಿ ನಿಂತು ಕರೆದರು: "ಬನ್ನಿ ಮೇಡಂ, ಮನೆ ಹತ್ರ ಬಿಡ್ತೀನಿ. ನಾಡಿದ್ದು ಹೇಗೂ ನೀವು ಜೈಲಿಗೆ ಬರ್ಬೇಕಲ್ಲ, ದಾರೀಲಿ ಮಾತಾಡೋಣ."

ಜಗದಾಂಬ ಒಂದು ಗಳಿಗೆ ರಂಗರಾಜುವಿನತ್ತ ನೋಡಿದಳು. ಅವನು ನೋಡಲಿಲ್ಲ. ಅವಳು ಬದುವಿನ ಮೇಲೆ ಸೀರೆಯ ನಿರಿಗೆ ಎತ್ತಿಕೊಂಡು ನಡೆದಳು. ಸಾಹೇಬರು ಸೀಟಿನ ಮೇಲಿದ್ದ ಟೋಪಿ ತೆಗೆದು ಜಾಗ ಮಾಡಿಕೊಟ್ಟರು. ಅವಳು ಹತ್ತಿ ಕೂತಳು.

ಮುತ್ತುರಾಜ್ ಜೀಪನ್ನು ನೋಡಿದ. ರಂಗರಾಜುವನ್ನು ನೋಡಿದ. ಯಾರಿಗೆ ಎಂದು ಮತ್ತೆ ಕೇಳಬೇಕಾಗಲಿಲ್ಲ.

ಜೀಪಿನ ಧೂಳು ಹೊಲದ ತುಂಬ ಹರಡಿ ನಿಧಾನವಾಗಿ ಇಳಿಯುತ್ತಿತ್ತು. ಅವನು ಚಪ್ಪಲಿ ಬಿಟ್ಟು ಬಂದು, ಒಬ್ಬನ ಕೈಯಿಂದ ಗುದ್ದಲಿ ಇಸಿದುಕೊಂಡ. ತಲೆಯ ಕಡೆಗೆ ಮಣ್ಣು ಇನ್ನೂ ತುಂಬಿರಲಿಲ್ಲ. ಅಲ್ಲಿದ್ದ ದೊಡ್ಡ ಹೆಂಟೆಗಳನ್ನು ಮೊದಲು ಪುಡಿ ಮಾಡಿ, ಮೆತ್ತನೆಯ ಮಣ್ಣನ್ನು ಅತ್ತ ಎಳೆಯತೊಡಗಿದ.