ಎತ್ತಿದ ಹಿಮ್ಮಡಿ

ಜುನಿಪರ್ ಸೊಪ್ಪಿನ ವಾಸನೆ, ಹಲಗೆ ನೆಲದ ಮೇಲೆ ಹರಡಿದ್ದನ್ನು ಯಾರೋ ತುಳಿದಿದ್ದಾರೆ, ತುಳಿದಷ್ಟೂ ಘಮ— ಪಿಟೀಲು ಗದ್ದದಡಿ ತಣ್ಣಗಿದೆ, ಕಮಾನು ಮುಟ್ಟದ ಕೆಳತಂತಿಗಳು ತಮ್ಮಷ್ಟಕ್ಕೇ ಗುನುಗುತ್ತಿವೆ, ನನ್ನ ಬಲಗಾಲು ನೆಲ ಕುಟ್ಟುತ್ತಿದೆ, ಕುಟ್ಟು ಎಂದು ನಾನು ಹೇಳಿಲ್ಲ, ಅದು ಎಂದೂ ನನ್ನನ್ನು ಕೇಳಿದ್ದಿಲ್ಲ. ಮೊದಲನೆಯ ಪೆಟ್ಟು ಉದ್ದ, ಎರಡನೆಯದು ಅದಕ್ಕಿಂತ ಕಡಿಮೆ, ಮೂರನೆಯದು ಗಿಡ್ಡ, ಹೊರಗಿನವರಿಗೆ ಕುಂಟಿದಂತೆ ಕೇಳುತ್ತದಂತೆ ನಮ್ಮ ಟೆಲೆಮಾರ್ಕ್ ಸೀಮೆಯ ಸ್ಪ್ರಿಂಗಾರ್ ಕುಣಿತ, ಕೇಳಲಿ. ಗೌಟೆ ಮದುಮಗಳ ಕೈ ಹಿಡಿದು ನಡುವೆ ಬಂದ, ನನ್ನ ಗಂಡ, ಅಪ್ಪನಿಲ್ಲದ ಹುಡುಗಿ ಆನ್‌ಲೌಗ್‌ಗೆ ಸೋದರಮಾವ, ಮೊದಲ ಕುಣಿತ ಅವನದೇ. ಹಿಂದೆಲ್ಲ ಉದ್ದ ಪೆಟ್ಟಿಗೆ ಮುಂಚೆ ಎಡ ಹಿಮ್ಮಡಿಯನ್ನು ಗಾಳಿಯಲ್ಲಿ ಹಿಡಿದು ನಿಲ್ಲುತ್ತಿದ್ದ, ಇಳಿಸುತ್ತೇನೋ ಇಲ್ಲವೋ ನೋಡು ಎಂಬಂತೆ, ಸುತ್ತ ನಿಂತವರ ಉಸಿರೂ ನಿಲ್ಲುತ್ತಿತ್ತು. ಆಮೇಲೆ ಕಾಡಿನಲ್ಲಿ ಒಂದು ಮರದ ದಿಮ್ಮಿ ಉರುಳಿ ಅವನ ಸೊಂಟದ ಮೇಲೆ, ಆಸ್ಪತ್ರೆಯ ಬಿಳಿ ಹೊದಿಕೆಯ ಹೊರಗೆ ಅದೇ ಹಿಮ್ಮಡಿ, ಅಲುಗದೆ, ನಾನು ಬೈಬಲ್ ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದೆ, ಬೇಡಿಕೊಂಡಿದ್ದು ಏನೆಂದು ಈಗ ನೆನಪಿಲ್ಲ. ಹೊರಡುವಾಗ ಅಂದಿದ್ದ, ಇವತ್ತು ಹೆಜ್ಜೆ ತಪ್ಪಿದ್ರೆ ಇನ್ನು ಈ ಜನ್ಮದಲ್ಲಿ ಕುಣಿಯೋ ನೆಲಕ್ಕೆ ಕಾಲಿಡಲ್ಲ ಕಣೇ, ಗೋಡೆ ಪಕ್ಕ ಕೂತ್ಕೊಂಡು ಕೆನೆಗಂಜಿ ತಿಂತೀನಿ. ಆಡಿದರೆ ಆಡಿದ್ದೇ, ಅವನ ಸ್ವಭಾವ. ಒಳಗೆ ಬರುವಾಗ ಹೊಸಿಲಲ್ಲಿ ಅವನ ತಂಗಿ ಬಿರ್ಗಿಟ್ ನನ್ನ ತೋಳು ಹಿಡಿದಿದ್ದಳು, ಅತ್ತಿಗೆ, ಸ್ವಲ್ಪ ನೇರಕ್ಕೆ ಬಾರ್ಸು, ನಾಕು ಜನದೆದುರು ಅಣ್ಣ ಬಿದ್ಗಿದ್ದಾನು. ನೇರಕ್ಕೆ. ಬೆಳಿಗ್ಗೆ ಚರ್ಚಿನಲ್ಲಿ ಕೀರ್ತನೆ ನೇರವಾಗಿಯೇ ನಡೆದಿತ್ತು, ಅದಕ್ಕೆ ಅದು ಚೆಂದ, ದೇವರು ನೇರದ್ದನ್ನೂ ಕುಂಟುವುದನ್ನೂ ಕೇಳುತ್ತಾನೆ ಎಂದು ನಾನು ನಂಬಿದವಳು, ಆದರೂ ಕೈ ಬಿರ್ಗಿಟ್‌ಳ ಮಾತು ಕೇಳಿತು— ಉದ್ದದ್ದನ್ನು ಚೂರು ಕತ್ತರಿಸಿದೆ, ಗಿಡ್ಡದ್ದಕ್ಕೆ ಚೂರು ಸೇರಿಸಿದೆ, ಮೂರೂ ಸಮ, ಬೇಲಿಗೂಟದ ಹಾಗೆ. ಅವನು ಮೊಣಕಾಲು ಮಡಿಸಿ ಮೈ ಇಳಿಸುವಷ್ಟರಲ್ಲಿ ಪೆಟ್ಟು ಮುಗಿದಿರುತ್ತದೆ, ಏಳಬೇಕಾದಲ್ಲಿ ಅವನಿನ್ನೂ ಕೆಳಗೇ, ಹುಡುಗಿಯ ಭುಜ ಅವನಿಗೆ ತಾಗಿತು, ಅವನು ತಡವರಿಸಿದ, ಬಾಗಿಲ ಬಳಿ ಯಾರೋ ಅಯ್ಯೋ ಪಾಪ ಅಂದರು, ಆ ಪಾಪ ನನ್ನ ತಂತಿಯಿಂದ ಹೊರಟಿದ್ದು, ಅವರಿಗೆ ಗೊತ್ತಿಲ್ಲ, ಅವನಿಗೆ ಗೊತ್ತು. ಸುತ್ತು ಬಂದು ನನ್ನ ಕುರ್ಚಿಯ ಹತ್ತಿರ ಹಾಯುವಾಗ, ಬೆವರು, ಉಣ್ಣೆಯ ವಾಸನೆ, ಹಲ್ಲು ಕಚ್ಚಿದ ನಗು, ಯಾರಿಗೆ ಬಾರಿಸ್ತಿದೀಯೇ, ಪೊಲೀಸರ ಕವಾಯತಿಗಾ? ಕುಂಟಿರೋದು ನನ್ನ ಕಾಲು, ನಿಂದಕ್ಕೇನಾಗಿದೆ ರೋಗ? ಆನ್‌ಲೌಗ್ ಕಿಸಕ್ಕೆಂದಳು. ನಾನು ಕಣ್ಣು ಮುಚ್ಚಿ ಬಲಗಾಲಿಗೆ ಬಿಟ್ಟೆ, ನೀನೇ ನಡೆಸು. ಉದ್ದ ಮತ್ತೆ ಉದ್ದವಾಯಿತು, ಅದರೊಳಗೆ ಒಬ್ಬ ಮನುಷ್ಯ ಇಳಿದು ಏಳುವಷ್ಟು ಜಾಗ, ಗಿಡ್ಡದ್ದು ಹಾರಿಹೋಯಿತು, ನೆಲದ ಹಲಗೆ ನನ್ನ ಅಂಗಾಲಿಗೆ ಅವನ ತೂಕ ಹೇಳುತ್ತಿದೆ, ಬಲ, ಎಡ, ಎಡ ತುಸು ತಡ, ತಡವಾದರೂ ಒಳಗೇ ಇದೆ, ಪೆಟ್ಟಿನ ಒಳಗೇ. ಕಣ್ಣು ತೆರೆಯುತ್ತೇನೆ, ಹುಡುಗಿ ಅವನ ತೋಳಿನಡಿ ತಿರುಗುತ್ತಿದ್ದಾಳೆ, ಅವನು ನನ್ನನ್ನೇ ನೋಡುತ್ತ, ಉದ್ದ ಪೆಟ್ಟಿಗೆ ಮುಂಚೆ, ನಿಂತ, ಬೇಕೆಂದೇ ನಿಂತ— ನನ್ನ ಕಮಾನೂ ನಿಂತಿದೆ, ಕಾಲೂ, ಅವನು ಇಳಿಸದೆ ನಾನು ಎಳೆಯುವಂತಿಲ್ಲ, ಜುನಿಪರ್ ಸೊಪ್ಪಿನ ಮೇಲೆ ಒಂದು ಗೇಣು, ಹಿಮ್ಮಡಿ, ಎಡ ಹಿಮ್ಮಡಿ, ಗಾಳಿಯಲ್ಲಿ