ಏಳು ಅಂಕದ ಮನುಷ್ಯ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಆಸ್ಪತ್ರೆಯ ಗೇಟಿಗೆ ಆಂಬುಲೆನ್ಸಿನ ಸದ್ದು ಮೊದಲು ಬಂತು, ದೀಪ ಆಮೇಲೆ ಬಂತು, ಗಾಡಿ ಕೊನೆಗೆ ಬಂತು. ಒಳಗೆ ತಗಡಿನ ಕೆಲಸದವರೊಬ್ಬರು ಮಲಗಿದ್ದರು. ಒದ್ದೆ ಛಾವಣಿಯಲ್ಲಿ ಕಾಲು ಜಾರಿ, ಎರಡು ಮಹಡಿ ಕೆಳಗೆ ಬಿದ್ದವರು. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಮುಖ ಊದಿ ಎರಡೂ ಕಣ್ಣು ಮುಚ್ಚಿಹೋಗಿದ್ದವು.

ತುರ್ತು ವಾರ್ಡಿನ ಹಿರಿಯ ನರ್ಸಮ್ಮ ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಂಡು ಕೈಗವಸು ಏರಿಸಿದರು. ಇಪ್ಪತ್ತೆಂಟು ವರ್ಷದ ರೂಢಿ: ಮೊದಲು ದೇವರು, ಆಮೇಲೆ ಸೂಜಿ. ಹೊಸ ಡಾಕ್ಟರದು ಬೇರೆ ಪದ್ಧತಿ: ಮೊದಲು ಅಂಕ. ಕರೆದಾಗ ಕಣ್ಣು ಬಿಟ್ಟರೆ ಇಷ್ಟು, ಮಾತಾಡಿದರೆ ಇಷ್ಟು, ಹೇಳಿದಂತೆ ಕೈಯೆತ್ತಿದರೆ ಇಷ್ಟು. ಕೂಡಿಸಿ ಕಂಪ್ಯೂಟರಿಗೆ ಕೊಟ್ಟರೆ, ಇಂಥವರಲ್ಲಿ ನೂರಕ್ಕೆ ಎಷ್ಟು ಮಂದಿ ಉಳಿಯುತ್ತಾರೆಂದು ಅದು ಹೇಳುತ್ತಿತ್ತು. ಈ ಶಾಸ್ತ್ರಕ್ಕೆ ಕೂರಲು ಅವರು ನರ್ಸಮ್ಮನ ಒರಗು ಕುರ್ಚಿಯನ್ನು "ಅರ್ಧ ಗಂಟೆ" ಎಂದು ಕೇಳಿ ಒಯ್ದು ಮೂರು ವಾರವಾಗಿತ್ತು. ಸೊಂಟನೋವಿನ ನರ್ಸಮ್ಮ ಅಂದಿನಿಂದ ಕುಂಟು ಸ್ಟೂಲಿನ ಮೇಲೆ ತಪಸ್ಸು ಮಾಡುತ್ತಿದ್ದರು.

"ಯಜಮಾನ್ರೇ! ಕೈ ಎತ್ತಿ!" ಡಾಕ್ಟರು ಕೂಗಿದರು. ಹೂಂ ಇಲ್ಲ, ಉಹೂಂ ಇಲ್ಲ. ಚಿವುಟಿದಾಗ ಮಾತ್ರ ರೋಗಿಯ ಕೈ ಬಂದು ಡಾಕ್ಟರ ಕೈಯನ್ನು ತಳ್ಳಿತು.

"ಹದಿನೈದಕ್ಕೆ ಏಳು. ನೂರಕ್ಕೆ ಒಂಬತ್ತು ಅಂತಿದೆ ಸಿಸ್ಟರ್. ದೊಡ್ಡ ಡಾಕ್ಟ್ರು ಫೋನಲ್ಲಿದಾರೆ. ಆಪರೇಷನ್ ಮಾಡಿ ಪ್ರಯೋಜನ ಇಲ್ಲ ಅಂತೀನಿ."

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನುತ್ತೆ ನಿಮ್ಮ ಕಂಪ್ಯೂಟರು. ಹೋಗೋ ಜೀವಕ್ಕೆ ನಿಮ್ಮ ಕೈ ತಳ್ಳೋವಷ್ಟು ಸಿಟ್ಟು ಇರುತ್ತಾ ಡಾಕ್ಟ್ರೇ? ಒಂದು ನಿಮಿಷ ತಡೀರಿ. ಹೆಂಡತಿ ಬಂದಿದಾರೆ, ಕೇಳೋಣ."

ಬಾಗಿಲಲ್ಲಿ ಅಳುತ್ತಿದ್ದ ಹೆಂಡತಿ ಒಳಗೆ ಬಂದರು. ಡಾಕ್ಟರು ದನಿ ತಗ್ಗಿಸಿ, "ಎಷ್ಟು ಕರೆದ್ರೂ ಓಗೊಡ್ತಿಲ್ಲಮ್ಮಾ" ಎಂದರು.

"ಮೂವತ್ತು ವರ್ಷದಿಂದ ನನಗೂ ಓಗೊಟ್ಟಿಲ್ಲ! ಅದಕ್ಕೆಲ್ಲ ಮಾರ್ಕು ಕಳೀತೀರಾ?" ಆಕೆಯ ಅಳು ನಿಂತೇಹೋಯಿತು. "ತಗಡು ಬಡಿದೂ ಬಡಿದೂ ಕಿವಿ ಹೋಗಿದೆ ಸ್ವಾಮಿ. ಕಿವಿ ಮಿಷಿನ್ನು ಎಲ್ಲಿ? ಬಡಿಯೋವಾಗ ಬಿಚ್ಚಿ ಜೇಬಿಗೆ ಹಾಕ್ಕೋತಾರೆ."

ಕತ್ತರಿಸಿ ತೆಗೆದ ಬಟ್ಟೆಗಳ ಚೀಲವನ್ನು ನರ್ಸಮ್ಮ ತಡಕಿದರು. ಅಂಗಿಯ ಜೇಬಲ್ಲಿ, ಮೊಳೆಗಳ ನಡುವೆ ಮಿಷಿನ್ನು ಸಿಕ್ಕಿತು. ಹೆಂಡತಿ ಅದನ್ನು ಗಂಡನ ಕಿವಿಗೆ ಸಿಕ್ಕಿಸಿ, ಅಭ್ಯಾಸಬಲದಿಂದ ವಾರ್ಡೇ ಅದುರುವಂತೆ, "ರೀ! ಕೈ ಎತ್ರೀ!" ಎಂದರು.

ಕೈ ಮೇಲೆದ್ದಿತು. ಊದಿದ ತುಟಿ ಅಲುಗಿತು.

"ಮೆಲ್ಲಗೆ ಮಾತಾಡೇ... ಆಸ್ಪತ್ರೆ ಇದು."

ಡಾಕ್ಟರು ಫೋನು ಕಿವಿಗೊತ್ತಿಕೊಂಡರು. "ಸರ್, ಥಿಯೇಟರ್ ರೆಡಿ ಮಾಡ್ಸಿ. ಈಗಲೇ ಕರ್ಕೊಂಡು ಬರ್ತಿದೀವಿ."

"ಮತ್ತೆ ಆ ಏಳು?" ಮಂಚ ತಳ್ಳುತ್ತಾ ನರ್ಸಮ್ಮ ಕೇಳಿದರು.

"ಅದು ನನಗೆ ಬಂದ ಮಾರ್ಕು ಸಿಸ್ಟರ್."

ಮಧ್ಯಾಹ್ನದ ಹೊತ್ತಿಗೆ ಮಂಜು ಕರಗಿತ್ತು. ಸೋರುವುದು ನಿಂತಿದೆ, ನಾಡಿ ಗಟ್ಟಿಯಾಗಿದೆ ಎಂದು ಥಿಯೇಟರಿನಿಂದ ಸುದ್ದಿ ಬಂತು. ನರ್ಸಮ್ಮ ಕಿಟಕಿಯ ಬೆಳಕಿಗೆ ಮುಖ ಮಾಡಿ, ಕಣ್ಮುಚ್ಚಿ ಕೈಮುಗಿದು ನಿಂತರು. ಬೆನ್ನ ಹಿಂದೆ ಏನೋ ಸರಿದ ಸದ್ದು. ತಿರುಗಿದರೆ, ಡಾಕ್ಟರು ಒರಗು ಕುರ್ಚಿಯನ್ನು ಅದರ ಹಳೆಯ ಜಾಗಕ್ಕೆ ತಂದಿಟ್ಟು, ಕುಂಟು ಸ್ಟೂಲನ್ನು ಎತ್ತಿಕೊಂಡು ಹೋಗುತ್ತಿದ್ದರು.